ಪುರಸಭೆಯ ಧೂಮಪಾನ ನಿರ್ಬಂಧದ ಕರಡು: ಯಾವುದು ನಿಲ್ಲುತ್ತೆ, ಯಾವುದು ಬಿದ್ದುಹೋಗುತ್ತೆ?

ತೇರುಬೀದಿ

ನಮ್ಮ ಪುರಸಭೆಯ ಮುಂದಿನ ಸಾಮಾನ್ಯ ಸಭೆಗೆ, ಸಾರ್ವಜನಿಕ ಜಾಗಗಳಲ್ಲಿ ಬೀಡಿ-ಸಿಗರೇಟು ಸೇದುವುದಕ್ಕೆ ಕಡಿವಾಣ ಹಾಕುವ ಬೈಲಾ (ಪುರಸಭೆಯೇ ಮಾಡುವ ಸ್ಥಳೀಯ ನಿಯಮ) ಕರಡು ಬರುತ್ತಿದೆ. ಅದರಲ್ಲಿರುವುದು ಇಷ್ಟು. ಬಸ್ ನಿಲ್ದಾಣ, ಸಂತೆ ಮೈದಾನ, ಪಾರ್ಕು, ಕೆರೆ ಏರಿ ಇಲ್ಲೆಲ್ಲ ಪೂರ್ತಿ ನಿಷೇಧ. ಪೇಟೆ ಬೀದಿಯಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 9ರವರೆಗೆ ನಿಷೇಧ. ಸಿಕ್ಕಿಬಿದ್ದವರಿಗೆ 2,000 ರೂಪಾಯಿ ದಂಡ. ಶಾಲೆಗಳ ಸುತ್ತ 100 ಮೀಟರ್ ಒಳಗೆ ಮಾರಾಟ ಬಂದ್. ಬಸ್ ನಿಲ್ದಾಣದ ಹತ್ತಿರ ಸೇದುವವರಿಗೆಂದೇ ಒಂದು ಜಾಗ.

ಸದಸ್ಯರಲ್ಲಿ ಅರ್ಧ ಜನ ಪರ, ಅರ್ಧ ಜನ ವಿರೋಧ. ಕಾಯ್ದೆ, ಅಳತೆ, ಜಾರಿ ಬಲ್ಲವರು ಒಂದೊಂದೇ ಅಂಶ ಹಿಡಿದು ಬರೆದರೆ ಸಲಹೆ-ಆಕ್ಷೇಪಣೆಯ ಪತ್ರ ತಯಾರಿಸಲು ಅನುಕೂಲ.

ಕಲಂ_ನಾಲ್ಕು

ಬಸ್ ನಿಲ್ದಾಣದಲ್ಲಿ ಸೇದುವುದು ಇವತ್ತಿಗೂ ಅಪರಾಧವೇ. ಅದಕ್ಕೆ ಪುರಸಭೆ ಹೊಸದಾಗಿ ನಿಷೇಧ ತರಬೇಕಿಲ್ಲ. 2003ರ ಕೋಟ್ಪಾ ಕಾಯ್ದೆಯ (ತಂಬಾಕು ಉತ್ಪನ್ನಗಳನ್ನು ನಿಯಂತ್ರಿಸುವ ಕೇಂದ್ರ ಕಾಯ್ದೆ) 4ನೇ ಕಲಂ ಸಾರ್ವಜನಿಕ ಸ್ಥಳದಲ್ಲಿ ಧೂಮಪಾನವನ್ನು ನಿಷೇಧಿಸಿದೆ. ಮೂಲ ಕಾಯ್ದೆಯ ವ್ಯಾಖ್ಯೆ 'ಬಯಲು ಜಾಗ'ವನ್ನು ಹೊರಗಿಟ್ಟಿತ್ತು. ಅದನ್ನೇ ನೆಪ ಮಾಡಿಕೊಂಡು ತಪ್ಪಿಸಿಕೊಳ್ಳುವುದನ್ನು ತಡೆಯಲು 2008ರ ನಿಯಮಗಳು ಬಂದವು. ಆ ವರ್ಷ ಅಕ್ಟೋಬರ್ 2ರಿಂದ ಜಾರಿ. ಬಯಲು ಸಭಾಂಗಣ, ಕ್ರೀಡಾಂಗಣ, ರೈಲು ನಿಲ್ದಾಣ, ಬಸ್ ನಿಲ್ದಾಣ ಮತ್ತು ಅಂಥ ಇತರ ಜಾಗಗಳಿಗೆ 'ಬಯಲು' ಅನ್ನುವ ವಿನಾಯಿತಿ ಇಲ್ಲ ಎಂದು ಆ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಸಂತೆ ಮೈದಾನ, ಪಾರ್ಕುಗಳನ್ನು 'ಅಂಥ ಇತರ ಜಾಗ' ಎಂದು ಹಿಡಿಯಬಹುದು.

ದಂಡದ ವಿಷಯ. ಮೂಲದಲ್ಲಿ 200 ರೂಪಾಯಿವರೆಗೆ ಇತ್ತು. ಕರ್ನಾಟಕದ ತಿದ್ದುಪಡಿಗೆ 2025ರ ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದ ಮೇಲೆ ನಮ್ಮ ರಾಜ್ಯದಲ್ಲಿ ಅದು 1,000 ರೂಪಾಯಿವರೆಗೆ ಆಗಿದೆ. ಮಾರಾಟಕ್ಕೆ ವಯಸ್ಸಿನ ಮಿತಿ 18ರಿಂದ 21ಕ್ಕೆ ಏರಿತು, ಹುಕ್ಕಾ ಬಾರ್ ನಡೆಸಿದರೆ 1ರಿಂದ 3 ವರ್ಷ ಜೈಲು. ಹೀಗಿರುವಾಗ ಅದೇ ಕೃತ್ಯಕ್ಕೆ ಪುರಸಭೆ 2,000 ಅಂತ ಬರೆದರೆ ಮೊದಲ ಆಕ್ಷೇಪಣೆಗೇ ಬಿದ್ದುಹೋಗುತ್ತೆ. ಕಾಯ್ದೆಯನ್ನು ಮೀರಿ ಬೈಲಾ ನಿಲ್ಲುವುದಿಲ್ಲ. ಬೈಲಾ ಎಂದರೆ ಕರಡು ಪ್ರಕಟಣೆ, ಆಕ್ಷೇಪಣೆ, ಸರ್ಕಾರದ ಮಂಜೂರಾತಿ ಎಲ್ಲ ಆಗಬೇಕು. ಒಂದು ಅಂಕಿ ತಪ್ಪಾದರೂ ಕಡತ ವರ್ಷಗಟ್ಟಲೆ ಓಡಾಡುತ್ತೆ. 2,000 ತೆಗೆಸಿ.

ಚಾದಂಗಡಿ_ಕಟ್ಟಿ

ಕಲಂ ಸಾಹೇಬ್ರು ಹೇಳಿದ್ದು ಖರೆ ಐತಿ. ಆದ್ರ ಕಾಯ್ದೆ ಇದ್ದೂ 20 ವರ್ಷದ ಮ್ಯಾಲ ಆತು, ಬಸ್ ಸ್ಟ್ಯಾಂಡಿನ್ಯಾಗ ಹೊಗಿ ನಿಂತಿಲ್ಲಲ್ರಿ. ಯಾಕ ನಿಂತಿಲ್ಲ ಅನ್ನೂದನ್ನ ಯಾರೂ ಕೆಳಗ ಬಗ್ಗಿ ನೋಡಾಕತ್ತಿಲ್ಲ.

ಗೂಡಂಗಡಿ ಮುಂದ ನಿಂತು ನೋಡ್ರಿ. ಕಂಬಕ್ಕ ಒಂದು ತೆಂಗಿನ ನಾರಿನ ಹಗ್ಗ ಇಳಿಬಿಟ್ಟಿರ್ತಾರ, ತುದಿಗೆ ಕೆಂಡ. ಬೆಳಗಿನಿಂದ ರಾತ್ರಿ ತನಕ ಅದು ಆರೂದಿಲ್ಲ. ಬಂದವ ಒಂದು ಸಿಗರೇಟು ಬಿಡಿಯಾಗಿ ತಗೋತಾನ, ಹಗ್ಗದ ತುದಿಗೆ ಹಚ್ಚತಾನ, ಅಲ್ಲೇ ಕಟ್ಟಿಗೆ ಒರಗಿ ಸೇದತಾನ. ಜೇಬಿನ್ಯಾಗ ಪ್ಯಾಕೂ ಇಲ್ಲ, ಕಡ್ಡಿಪೆಟ್ಟಿಗೀನೂ ಇಲ್ಲ. ಬಿಡಿ ಸಿಗರೇಟು ಮತ್ತ ಹಗ್ಗ, ಈ ಎರಡು ತಗದ್ರ ಅವಗ ಅಲ್ಲಿ ನಿಂದ್ರಾಕ ಕಾರಣನ ಇಲ್ಲ. ಪುರಸಭೆಯವ್ರು ಸೇದವನ ಹಿಂದ ಓಡೂದು ಬಿಟ್ಟು ಮೊದಲ ಆ ಹಗ್ಗ ಹಿಡೀಬೇಕು.

ಕಲಂ_ನಾಲ್ಕು

ಕಟ್ಟಿಯವರೇ, ಇದು ಬಹಳ ಮುಖ್ಯವಾದ ಮಾತು. ನೀವು ಹೇಳಿದ ಎರಡಕ್ಕೂ ಆಧಾರ ಇದೆ. 2008ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದ ಮಾಲೀಕ ಅಥವಾ ಉಸ್ತುವಾರಿ ವಹಿಸಿದವರು ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್, ಸೇದಲು ಅನುಕೂಲ ಮಾಡಿಕೊಡುವ ಇನ್ನಾವ ವಸ್ತುವನ್ನೂ ಅಲ್ಲಿ ಒದಗಿಸುವಂತಿಲ್ಲ. ಕಿಡಿ ಹಚ್ಚಿದ ಹಗ್ಗ ಅದರಲ್ಲಿ ಖಂಡಿತ ಬರುತ್ತೆ. ತೂಗುಹಾಕಿದ ಎಲೆಕ್ಟ್ರಿಕ್ ಲೈಟರೂ ಬರುತ್ತೆ. ಬಿಡಿ ಸಿಗರೇಟು ಮಾರಾಟವನ್ನು ಕರ್ನಾಟಕ 2017ರಲ್ಲೇ ಅಧಿಸೂಚನೆಯ ಮೂಲಕ ನಿಷೇಧಿಸಿತ್ತು. ಈಗಿನ ತಿದ್ದುಪಡಿಯಲ್ಲೂ ಅದು ಸೇರಿದೆ. ಪ್ಯಾಕಿನ ಮೇಲೆ 85 ಶೇಕಡಾ ಜಾಗದಲ್ಲಿ ಎಚ್ಚರಿಕೆ ಚಿತ್ರ ಇರಬೇಕು ಅನ್ನುವ ನಿಯಮದ ಉದ್ದೇಶವೇ ಬಿಡಿ ಮಾರಾಟದಿಂದ ಹಾಳಾಗುತ್ತೆ. ಒಂದು ಕಡ್ಡಿ ಕೊಂಡವನು ಆ ಚಿತ್ರವನ್ನು ನೋಡುವುದೇ ಇಲ್ಲ.

ಮಳಿಗೆ_ಲೆಕ್ಕ

ಪುರಸಭೆಗೆ ನಿಜವಾಗಿ ಕೈಗೆಟಕುವ ಹಿಡಿ ಇರುವುದು ಉದ್ದಿಮೆ ಪರವಾನಗಿಯಲ್ಲಿ. ಅವಧಿ ಮುಗಿದಾಗ ನವೀಕರಣಕ್ಕೆ ಬರಲೇಬೇಕು. ಚಹಾ ಅಂಗಡಿ, ಹೋಟೆಲ್, ಬಾರ್, ಬೀಡಾ ಅಂಗಡಿ ಪರವಾನಗಿಯ ಷರತ್ತುಗಳಲ್ಲಿ ಮೂರು ಸಾಲು ಸೇರಿಸಿದರೆ ಸಾಕು: ಬೋರ್ಡು ಹಾಕಬೇಕು, ಕಿಡಿ ಹಗ್ಗ-ಲೈಟರ್-ಆಶ್‌ಟ್ರೇ ಇಡಬಾರದು, ಬಿಡಿಯಾಗಿ ಮಾರಬಾರದು. ಪುರಸಭೆಯ ಸ್ವಂತ ಮಳಿಗೆಗಳಾದರೆ ಇನ್ನೂ ಸುಲಭ, ಬಾಡಿಗೆ ಕರಾರಿನಲ್ಲೇ ಬರೆಯಿಸಬಹುದು.

ಆದರೆ ಗೂಡಂಗಡಿ, ತಳ್ಳುಗಾಡಿಯವರ ವಿಷಯ ಬೇರೆ. ಅವರು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಬರುತ್ತಾರೆ. ಪಟ್ಟಣ ವ್ಯಾಪಾರ ಸಮಿತಿಯ ಮುಂದೆ ವಿಷಯ ಇಡದೆ, ಜಾಗ ಬದಲಿಸುವುದಾದರೆ 30 ದಿನ ಮುಂಚೆ ನೋಟಿಸು ಕೊಡದೆ ಎತ್ತಂಗಡಿ ಮಾಡಿದರೆ ತಡೆಯಾಜ್ಞೆ ಬಂದು ಇಡೀ ಕೆಲಸ ನಿಲ್ಲುತ್ತೆ. ದಿನಕ್ಕೆ ನೂರಿನ್ನೂರು ಉಳಿಸುವ ಜನ ಅವರು. ಗಾಡಿ ಎತ್ತಬೇಡಿ, ಹಗ್ಗ ಇಳಿಸಿ.

ತೇರುಬೀದಿ

100 ಮೀಟರ್ ಅಳೆಯುವುದು ಎಲ್ಲಿಂದ? ಶಾಲೆಯ ಗೇಟಿನಿಂದ ದಾರಿ ಹಿಡಿದು ಅಳೆಯಬೇಕು ಅಂತ ಒಬ್ಬ ಸದಸ್ಯರು ಹೇಳುತ್ತಿದ್ದಾರೆ.

ಸರ್ವೆಕಲ್ಲು

ಗೇಟಿನಿಂದ ಅಲ್ಲ, ದಾರಿ ಹಿಡಿದೂ ಅಲ್ಲ. ನಿಯಮದಲ್ಲಿ ಇರುವುದು ಕಾಂಪೌಂಡ್ ಗೋಡೆ ಅಥವಾ ಬೇಲಿಯ ಹೊರ ಅಂಚಿನಿಂದ, ಎಲ್ಲ ದಿಕ್ಕಿಗೂ ನೇರ ಗೆರೆಯಲ್ಲಿ. ಗೇಟಿನಿಂದ ಅಳೆದರೆ ಶಾಲೆಯ ಹಿಂದಿನ ಬೀದಿಯ ಅಂಗಡಿಗಳೆಲ್ಲ ತಪ್ಪಿಸಿಕೊಳ್ಳುತ್ತವೆ.

ಕೇಂದ್ರ ಕಾಯ್ದೆಯಲ್ಲಿ ಇದ್ದದ್ದು 100 ಗಜ, ಅಂದರೆ 91.44 ಮೀಟರ್. ನಮ್ಮ ರಾಜ್ಯದ ತಿದ್ದುಪಡಿ 100 ಮೀಟರ್ ಮಾಡಿತು. ಎಂಟೂವರೆ ಮೀಟರ್ ತಾನೇ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ಶಾಲೆಯ ಜಾಗ 60 × 40 ಮೀಟರ್ ಇದೆ ಅಂದುಕೊಳ್ಳಿ. ಆವರಣ 2,400 ಚದರ ಮೀಟರ್. ನಾಲ್ಕು ಬದಿಯ ಪಟ್ಟಿ: ಸುತ್ತಳತೆ 200 × 100 = 20,000. ನಾಲ್ಕು ಮೂಲೆಗಳ ಕಾಲು ವೃತ್ತ ಸೇರಿ ಒಂದು ಪೂರ್ತಿ ವೃತ್ತ, 31,416. ಒಟ್ಟು ಸುಮಾರು 53,800 ಚದರ ಮೀಟರ್, ಹದಿಮೂರು ಎಕರೆಗೆ ಸ್ವಲ್ಪ ಮೇಲೆ. 91.44ರಲ್ಲಿ ಇದೇ ಲೆಕ್ಕ ಹನ್ನೊಂದೂವರೆ ಎಕರೆ ಚಿಲ್ಲರೆ. ಸಣ್ಣ ಊರಿನ ಪೇಟೆಯಲ್ಲಿ ಎರಡು ಶಾಲೆ, ಒಂದು ಜೂನಿಯರ್ ಕಾಲೇಜು ಹತ್ತಿರ ಹತ್ತಿರ ಇದ್ದರೆ ಪೇಟೆಯ ಬಹುಪಾಲು ಒಳಗೆ ಬಂದುಬಿಡುತ್ತೆ.

ಅದಕ್ಕೇ ಠರಾವಿನ ಜೊತೆ ನಕ್ಷೆ ಇರಬೇಕು. ಮೊಬೈಲಿನಲ್ಲಿ ನಿಂತ ಜಾಗ ತೋರಿಸುವ ಚುಕ್ಕೆ ಐದು-ಹತ್ತು ಮೀಟರ್ ಆಚೀಚೆ ಸರಿಯುತ್ತೆ, ಗಡಿಯ ಅಂಗಡಿಗೆ ಅದನ್ನು ನಂಬಬೇಡಿ. ನಕ್ಷೆಯ ಮೇಲೆ ಗೋಡೆಯಿಂದ ಗೆರೆ ಎಳೆದು, 90ರಿಂದ 110 ಮೀಟರ್ ನಡುವೆ ಬರುವ ಅಂಗಡಿಗಳಿಗೆ ಮಾತ್ರ ಟೇಪು ಹಿಡಿದು ಖುದ್ದು ಅಳತೆ ಮಾಡಿ. ನಡುವೆ ಕಟ್ಟಡ ಅಡ್ಡ ಬಂದರೆ ಟೇಪು ಬಾಗಿಸಬಾರದು, ನಕ್ಷೆಯ ಅಳತೆಯನ್ನೇ ಇಟ್ಟುಕೊಳ್ಳಿ. ಅಂಗಡಿಯವರ ಎದುರಿನಲ್ಲೇ ಅಳೆದು ಸಹಿ ಪಡೆಯಿರಿ. ಮಾನ್ಯತೆ ಪಡೆದ ಶಾಲೆ-ಕಾಲೇಜುಗಳಿಗೆ ಮಾತ್ರ ಇದು ಅನ್ವಯ. ಮನೆಯ ಮಹಡಿಯ ಟ್ಯೂಷನ್ನನ್ನು ಪಟ್ಟಿಗೆ ಸೇರಿಸಿದರೆ ಪಟ್ಟಿಯೇ ಪ್ರಶ್ನೆಗೆ ಬೀಳುತ್ತೆ.

ಬಣ್ಣದ_ಡಬ್ಬಿ

ಬೋರ್ಡು ಅಂತ ಎಲ್ಲರೂ ಹೇಳುತ್ತಾರೆ, ಅಳತೆ ಯಾರೂ ಹೇಳುವುದಿಲ್ಲ. ಕನಿಷ್ಠ 60 × 30 ಸೆಂ.ಮೀ., ಬಿಳಿ ಹಿನ್ನೆಲೆ. ಒಳಗೆ ಹೊರ ವ್ಯಾಸ 15 ಸೆಂ.ಮೀ.ಗೆ ಕಡಿಮೆ ಇಲ್ಲದ ವೃತ್ತ, ಅದರ ಕೆಂಪು ಅಂಚು 3 ಸೆಂ.ಮೀ. ಅಗಲ. ನಡುವೆ ಹೊಗೆಯಾಡುವ ಸಿಗರೇಟು ಅಥವಾ ಬೀಡಿ, ಅದರ ಮೇಲೆ ಅಡ್ಡಲಾಗಿ ಅಂಚಿನಷ್ಟೇ ಅಗಲದ ಕೆಂಪು ಪಟ್ಟಿ. ಎರಡೂ ಕಡೆ ಅಂಚು ಹೋಗಿ ಚಿತ್ರಕ್ಕೆ ಉಳಿಯುವುದು 9 ಸೆಂ.ಮೀ., ಆದ್ದರಿಂದ ಸಿಗರೇಟನ್ನು ದಪ್ಪಗೆ ಬರೆಯಿಸಿ, ಇಲ್ಲದಿದ್ದರೆ ಪಟ್ಟಿಯ ಹಿಂದೆ ಕಾಣುವುದೇ ಇಲ್ಲ. ಪಕ್ಕದಲ್ಲಿ 'ಧೂಮಪಾನ ನಿಷೇಧಿತ ಪ್ರದೇಶ, ಇಲ್ಲಿ ಧೂಮಪಾನ ಮಾಡುವುದು ಅಪರಾಧ' ಎಂಬ ಬರಹ. ಕನ್ನಡದಲ್ಲಿ ಧಾರಾಳವಾಗಿ ಬರೆಯಬಹುದು.

ಹೆಚ್ಚಿನ ಕಡೆ ಅಂಟಿಸಿರುವುದು ಎ4 ಹಾಳೆ. ಅದರ ವಿಸ್ತೀರ್ಣ ಬೇಕಾದ್ದರ ಮೂರನೇ ಒಂದು ಭಾಗ ಮಾತ್ರ. ಎರಡನೇ ತಪ್ಪು, ದೂರು ಯಾರಿಗೆ ಕೊಡಬೇಕು ಅನ್ನುವ ಹೆಸರಿನ ಜಾಗ ಖಾಲಿ ಬಿಡುವುದು. ಆ ಹೆಸರು ಪ್ರದರ್ಶಿಸುವುದು ಕಡ್ಡಾಯ. ಅಧಿಕಾರಿ ವರ್ಗವಾದರೆ ಬೋರ್ಡು ಬದಲಿಸಬೇಕಾಗುತ್ತೆ ಅಂತ ಖಾಲಿ ಬಿಡುತ್ತಾರೆ. ಆ ಸಾಲನ್ನು ಮಾತ್ರ ಬೇರೆ ಪಟ್ಟಿಯಾಗಿ ಮಾಡಿ ಎರಡು ಸ್ಕ್ರೂ ಹಾಕಿ, ಬದಲಿಸುವುದು ಐದು ನಿಮಿಷದ ಕೆಲಸ. ಮೂರನೆಯದು, ಬಾಗಿಲು ತೆರೆದಾಗ ಅದರ ಹಿಂದೆ ಮುಚ್ಚಿಹೋಗುವಂತೆ ಬೋರ್ಡು ಹೊಡೆಯುವುದು.

ಎಣಿಕೆ: ಪ್ರತಿ ಪ್ರವೇಶದ್ವಾರ, ಪ್ರತಿ ಮಹಡಿ, ಮೆಟ್ಟಿಲು, ಲಿಫ್ಟ್ ಇದ್ದರೆ ಅದರ ಬಾಗಿಲು. ನೆಲಮಾಳಿಗೆ ಇಲ್ಲದ, ಎರಡು ಬಾಗಿಲಿನ, ಒಂದು ಮಹಡಿಯ ವಾಣಿಜ್ಯ ಸಂಕೀರ್ಣಕ್ಕೆ ಬಾಗಿಲಿಗೆ 2, ನೆಲ ಮತ್ತು ಮೊದಲ ಮಹಡಿಗೆ 2, ಮೆಟ್ಟಿಲಿಗೆ 1, ಒಟ್ಟು 5. ಬಿಸಿಲಿಗೆ ಬೀಳುವ ಕಡೆ ಫ್ಲೆಕ್ಸ್ ಬೇಡ. ಮೊದಲು ಮಾಸುವುದು ಕೆಂಪು. ಕೆಂಪು ಹೋದ ಮೇಲೆ ಉಳಿಯುವುದು ಬರೀ ಸಿಗರೇಟಿನ ಚಿತ್ರ, ಅದು ಜಾಹೀರಾತಿನ ಹಾಗೆ ಕಾಣುತ್ತೆ. ತಗಡಿಗೆ ಎನಾಮೆಲ್ ಬಣ್ಣ ಬರೆಯಿಸಿ.

ತೇರುಬೀದಿ

ಬಸ್ ನಿಲ್ದಾಣದ ಬೋರ್ಡುಗಳನ್ನೂ ಪುರಸಭೆಯೇ ಹಾಕಿಸಬೇಕೇ?

ಮಳಿಗೆ_ಲೆಕ್ಕ

ಇಲ್ಲ. ಆ ಆವರಣದ ಜವಾಬ್ದಾರಿ ಸಾರಿಗೆ ನಿಗಮದ್ದು. ಪುರಸಭೆ ಪತ್ರ ಬರೆಯಬಹುದು, ಹಾಕಿಸಬೇಕಾದವರು ಅವರು. ಪುರಸಭೆಯ ಪಾಲಿಗೆ ಬರುವುದು ಕಚೇರಿ, ಮಳಿಗೆ, ಸಂತೆ ಮೈದಾನ, ಪಾರ್ಕು, ಸಾರ್ವಜನಿಕ ಶೌಚಾಲಯ, ಸಮುದಾಯ ಭವನ. ಇನ್ನೊಂದು ನೆನಪಿರಲಿ. ದೂರು ಬಂದ ಮೇಲೂ ಉಸ್ತುವಾರಿಯವರು ಕ್ರಮ ಕೈಗೊಳ್ಳದಿದ್ದರೆ, ಅಲ್ಲಿ ಎಷ್ಟು ಜನ ಸೇದಿದರೋ ಅಷ್ಟೂ ಅಪರಾಧಗಳ ದಂಡ ಅವರ ಮೇಲೆ ಬರುತ್ತೆ. ಪುರಸಭೆ ಕಚೇರಿಗೂ ಇದು ಅನ್ವಯ. ಊರಿಗೆಲ್ಲ ದಂಡ ಹಾಕುವ ಮೊದಲು ಸಭಾಂಗಣದ ಹಿಂದಿನ ಮೆಟ್ಟಿಲಲ್ಲಿ ಸೇದುವುದನ್ನು ನಿಲ್ಲಿಸಿಕೊಳ್ಳಬೇಕು.

ಗಾಳಿಗೂಡು

ಲಾಡ್ಜು, ದೊಡ್ಡ ಹೋಟೆಲ್‌ಗಳ 'ಸ್ಮೋಕಿಂಗ್ ರೂಮ್' ಬಗ್ಗೆಯೂ ಬರೆಯಬೇಕು, ಅಲ್ಲಿ ನಡೆಯುವಷ್ಟು ಮೋಸ ಬೇರೆಲ್ಲೂ ಇಲ್ಲ. ಕನಿಷ್ಠ 30 ಕೊಠಡಿಯ ಹೋಟೆಲ್, 30 ಜನ ಕೂರುವ ರೆಸ್ಟೋರೆಂಟ್, ವಿಮಾನ ನಿಲ್ದಾಣ, ಇಷ್ಟಕ್ಕೆ ಮಾತ್ರ ಪ್ರತ್ಯೇಕ ಸೇದುವ ಕೋಣೆಗೆ ಅವಕಾಶ. ಹತ್ತು ಕುರ್ಚಿಯ ಚಹಾ ಅಂಗಡಿ ಪರದೆ ಕಟ್ಟಿ ಮೂಲೆ ಮಾಡಿಕೊಳ್ಳುವಂತಿಲ್ಲ.

ಕೋಣೆಗೆ ನಾಲ್ಕೂ ಕಡೆ ಮಾಡಿನವರೆಗೆ ಗೋಡೆ ಇರಬೇಕು, ಬಾಗಿಲು ತಾನಾಗಿ ಮುಚ್ಚಿಕೊಳ್ಳಬೇಕು, ಒಳಗಿನ ಗಾಳಿ ನೇರ ಹೊರಗೆ ಹೋಗಬೇಕು, ಕಟ್ಟಡದ ಉಳಿದ ಗಾಳಿಯ ಜೊತೆ ಬೆರೆಯಬಾರದು, ಒಳಗಿನ ಒತ್ತಡ ಹೊರಗಿನದಕ್ಕಿಂತ ಕಡಿಮೆ ಇರಬೇಕು. ಹೋಟೆಲಿನ ಪ್ರವೇಶದ್ವಾರದ ಬಳಿ ಇರಬಾರದು. 2017ರ ತಿದ್ದುಪಡಿಯ ಮೇಲೆ ಅಲ್ಲಿ ಊಟ-ಪಾನೀಯ ಯಾವ ಸೇವೆಯನ್ನೂ ಕೊಡುವಂತಿಲ್ಲ. ಇದು ಒಳ್ಳೆಯ ನಿಯಮ. ಗಿರಾಕಿ ಹತ್ತು ನಿಮಿಷ ಇದ್ದು ಹೋಗುತ್ತಾನೆ, ತಟ್ಟೆ ಹಿಡಿದು ಓಡಾಡುವ ಹುಡುಗ ಮಾತ್ರ ಎಂಟು-ಹತ್ತು ಗಂಟೆ ಅದೇ ಗಾಳಿ ಕುಡಿಯಬೇಕಾಗಿತ್ತು.

ಪರೀಕ್ಷೆಗೆ ಯಂತ್ರ ಬೇಡ, ಒಂದು ಊದುಬತ್ತಿ ಸಾಕು. ಫ್ಯಾನ್ ಹಾಕಿಸಿ, ಬಾಗಿಲನ್ನು ಎರಡು ಬೆರಳಷ್ಟು ತೆರೆದು, ಊದುಬತ್ತಿಯನ್ನು ಸಂದಿಯ ಬುಡದಲ್ಲಿ, ನಡುವಿನಲ್ಲಿ, ಮೇಲ್ಗಡೆ ಹಿಡಿಯಿರಿ. ಮೂರೂ ಕಡೆ ಹೊಗೆ ಒಳಕ್ಕೆ ಎಳೆಯಬೇಕು. ಬುಡದಲ್ಲಿ ಒಳಗೆ ಹೋಗಿ ಮೇಲ್ಗಡೆ ಹೊರಗೆ ಬಂದರೆ ಫ್ಯಾನು ಸಾಲುತ್ತಿಲ್ಲ. ಬಿಸಿ ಗಾಳಿ ಮೇಲಿನಿಂದ ಸೋರುತ್ತಿದೆ. ಫ್ಯಾನು ಭರ್ರೋ ಅನ್ನುತ್ತಿದ್ದರೂ ಹೊಗೆ ಅಲುಗದಿದ್ದರೆ ಫ್ಯಾನು ಗಾಳಿಯನ್ನು ಹೊರಗೆ ತಳ್ಳುತ್ತಿಲ್ಲ, ಇಲ್ಲವೇ ಗಾಳಿ ಬೇರೆ ಸಂದಿಯಿಂದ ಒಳಬರುತ್ತಿದೆ ಅಂತ ಅರ್ಥ. ಕೊನೆಗೆ ಹೊರಗೆ ಹೋಗಿ ಫ್ಯಾನಿನ ಬಾಯಿ ಎಲ್ಲಿದೆ ನೋಡಿ. ಎಷ್ಟೋ ಕಡೆ ಅದು ಮೇಲಿನ ಕೊಠಡಿಯ ಕಿಟಕಿಯ ಕೆಳಗೇ ಇರುತ್ತೆ.

ವಾಸನೆ ಬರಲಿಲ್ಲ ಅಂದ ಮಾತ್ರಕ್ಕೆ ಗಾಳಿ ಶುದ್ಧ ಅಲ್ಲ. ಹೊಗೆಯ ಕಣಗಳಲ್ಲಿ ಹೆಚ್ಚಿನವು 1 ಮೈಕ್ರಾನಿಗಿಂತ ಸಣ್ಣವು. ಕೈಯಲ್ಲಿ ಹಿಡಿಯುವ ಪಿಎಂ 2.5 (ಗಾಳಿಯಲ್ಲಿನ 2.5 ಮೈಕ್ರಾನಿನವರೆಗಿನ ಸಣ್ಣ ಕಣಗಳ) ಮಾಪಕ ಇದ್ದರೆ ಬಳಸಿ, ಆದರೆ ಅಡುಗೆ ಮನೆಯ ಒಗ್ಗರಣೆ, ದೋಸೆ ಹಂಚಿನ ಹೊಗೆಯೂ ಅದರಲ್ಲಿ ಏರಿಸಿ ತೋರಿಸುತ್ತೆ. ಒಲೆ ಹಚ್ಚುವ ಮೊದಲೊಮ್ಮೆ ಅಳೆದಿಟ್ಟುಕೊಂಡರೆ ಮಾತ್ರ ಹೋಲಿಕೆ ಸರಿಯಾಗುತ್ತೆ. ವಿಶ್ವ ಆರೋಗ್ಯ ಸಂಸ್ಥೆ ದಿನದ ಸರಾಸರಿಗೆ ಹೇಳುವ ಮಿತಿ ಘನ ಮೀಟರಿಗೆ 15 ಮೈಕ್ರೋಗ್ರಾಂ.

ಕಡಲತಡಿ

ಒಂದು ಮಾತು ಮಾರಾಯ್ರೆ. ನಮ್ಮ ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸರು ಬಹಳ ಮಂದಿ. ಹುಣಸೂರು, ಪಿರಿಯಾಪಟ್ಟಣದಲ್ಲಿ ತಂಬಾಕು ಬೆಳೆಗಾರರು ಇದ್ದಾರೆ. ನಿಷೇಧ ಅಂದಕೂಡಲೇ ಅವರ ಹೊಟ್ಟೆಗೆ ಹೊಡೆತ ಅಂತ ಸಭೆಯಲ್ಲಿ ಯಾರಾದರೂ ಎದ್ದು ಹೇಳುತ್ತಾರೆ. ಅದಕ್ಕೆ ಉತ್ತರ ಸಿದ್ಧ ಇರಲಿ. ಈ ಕರಡು ಎಲ್ಲಿ ಸೇದಬಾರದು ಅನ್ನುವುದನ್ನು ಹೇಳುತ್ತದೆಯೇ ಹೊರತು ಬೆಳೆಯುವುದನ್ನೋ ಕಟ್ಟುವುದನ್ನೋ ಮುಟ್ಟುವುದಿಲ್ಲ. ಮೈಸೂರು ಭಾಗದ ಹದಗೊಳಿಸಿದ ತಂಬಾಕಿನ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ, ನಿಮ್ಮ ಪುರಸಭೆಯ ಸಂತೆ ಮೈದಾನದ ಮೇಲೆ ನಿಂತಿಲ್ಲ.

ತೇರುಬೀದಿ

ಪೇಟೆ ಬೀದಿಯ ಹೊತ್ತುಗಟ್ಟಿದ ನಿಷೇಧ ಮತ್ತು ಸೇದುವ ಜಾಗ, ಈ ಎರಡಕ್ಕೆ ಇನ್ನೂ ಉತ್ತರ ಬಂದಿಲ್ಲ.

ಗಾಳಿಗೂಡು

ಬೀದಿಯಲ್ಲಿ ನಿಷೇಧಿಸಿದ ಊರುಗಳಿವೆ. ಟೋಕಿಯೋದ ಚಿಯೋದಾ ವಾರ್ಡು 2002ರಲ್ಲೇ ಬೀದಿ ಧೂಮಪಾನಕ್ಕೆ ದಂಡ ತಂದಿತು, 2,000 ಯೆನ್. ವಾರ್ಡಿನ ಸಿಬ್ಬಂದಿಯೇ ಬೀದಿ ಸುತ್ತಿ ಸ್ಥಳದಲ್ಲೇ ವಸೂಲಿ ಮಾಡುತ್ತಾರೆ. ನಿಂತವನ ಕೈಯ ಸಿಗರೇಟಿನ ಕೆಂಡ ನಡೆದುಹೋಗುವ ಮಗುವಿನ ಮುಖದ ಮಟ್ಟಕ್ಕೆ ಬರುತ್ತೆ, ಅದನ್ನು ಮರೆಯಬಾರದು. ಇಟಲಿಯ ಮಿಲಾನಿನಲ್ಲಿ 2025ರ ಜನವರಿ 1ರಿಂದ ಬಯಲಿನಲ್ಲೂ ಇತರರಿಂದ 10 ಮೀಟರ್ ದೂರ ಇದ್ದರೆ ಮಾತ್ರ ಸೇದಬಹುದು. ತಪ್ಪಿದರೆ 40ರಿಂದ 240 ಯೂರೋ.

ಕಲಂ_ನಾಲ್ಕು

ಅಲ್ಲಿ ಸುತ್ತಲು ಸಿಬ್ಬಂದಿ ಇದ್ದಾರೆ. ನಮ್ಮ ಪುರಸಭೆಯಲ್ಲಿ ಇರುವ ಒಂದಿಬ್ಬರು ಆರೋಗ್ಯ ನಿರೀಕ್ಷಕರೇ ಕಸ, ನೀರು, ಪರವಾನಗಿ ಎಲ್ಲ ನೋಡಬೇಕು. ಇಡೀ ಬೀದಿಗೆ ಹೊತ್ತು ಹಾಕಿ ನಿಷೇಧ ಬರೆದರೆ ಕಾಯ್ದೆಯ ಆಧಾರವೂ ತೆಳು, ಜಾರಿಯೂ ಆಗುವುದಿಲ್ಲ. 'ಬಸ್ ತಂಗುದಾಣ, ಸಂತೆ ಕಟ್ಟೆ, ಹೋಟೆಲ್-ಚಹಾ ಅಂಗಡಿ ಮತ್ತು ಅವುಗಳ ಮುಂದಿನ ಆಸನದ ಜಾಗ' ಅಂತ ಗುರುತಿಸಿ ಬರೆದರೆ ನಿಲ್ಲುತ್ತೆ. ಫುಟ್‌ಪಾತಿಗೆ ಚಾಚಿದ ಬೆಂಚೂ ಅಂಗಡಿಯ ಭಾಗವೇ ಅನ್ನುವುದನ್ನು ಪರವಾನಗಿ ಷರತ್ತಿನಲ್ಲೇ ಸೇರಿಸಿ.

ಪೊರಕೆ_ಪಾಳಿ

ಸೇದುವ ಜಾಗದ ಬಗ್ಗೆ: ಬಸ್ ನಿಲ್ದಾಣದ ಆವರಣದೊಳಗೆ ಮರಳಿನ ಬಕೆಟ್ ಇಟ್ಟರೂ ಅದು ಆಶ್‌ಟ್ರೇಯೇ, ನಿಯಮಕ್ಕೆ ವಿರುದ್ಧ. ಆವರಣದ ಹೊರಗೆ, ಜನ ಕಾಯುವ ಜಾಗದಿಂದ, ಹೆಂಗಸರ ಶೌಚಾಲಯದ ದಾರಿಯಿಂದ ದೂರ ಇಡಬೇಕು. ಸೇದುವವರನ್ನು ಓಡಿಸಿದಾಗಲೆಲ್ಲ ಅವರು ಸೇರುವುದು ಆ ಶೌಚಾಲಯದ ಗೋಡೆ ಪಕ್ಕಕ್ಕೇ. ಹೆಂಗಸರು ಅಲ್ಲಿಗೆ ಹೋಗುವುದನ್ನೇ ಬಿಡುತ್ತಾರೆ. ಇದನ್ನು ಸಭೆಯಲ್ಲಿ ಜೋರಾಗಿ ಹೇಳಲೇಬೇಕು.

ಬಕೆಟ್‌ನಲ್ಲಿ ಒಂದು ಗೇಣು ಒಣ ಮರಳು, ಮೇಲೆ ಕಬ್ಬಿಣದ ಜಾಲರಿ. ಜಾಲರಿ ಇಲ್ಲದಿದ್ದರೆ ಕಾಗದದ ಲೋಟ ಬೀಳುತ್ತೆ, ಲೋಟಕ್ಕೆ ಬೆಂಕಿ ಹತ್ತುತ್ತೆ. ಸಿಗರೇಟಿನ ತುಂಡಿನ ಫಿಲ್ಟರು ಸೆಲ್ಯುಲೋಸ್ ಅಸಿಟೇಟ್, ಒಂದು ಬಗೆಯ ಪ್ಲಾಸ್ಟಿಕ್. ಚರಂಡಿಗೆ ಬಿದ್ದರೆ ವರ್ಷಗಟ್ಟಲೆ ಕೊಳೆಯುವುದಿಲ್ಲ. ಚರಂಡಿ ಜಾಲರಿಯ ಬಾಯಲ್ಲಿ ಸಿಕ್ಕಿಕೊಂಡ ತುಂಡುಗಳನ್ನು ಪೌರಕಾರ್ಮಿಕರು ಕೈಯಲ್ಲಿ ಹೆಕ್ಕಬೇಕು. ಸಂತೆ ಮೈದಾನದಲ್ಲಂತೂ ಬಕೆಟ್ ಬೇಡವೇ ಬೇಡ. ಒಣಹುಲ್ಲು, ಗೋಣಿ, ಟಾರ್ಪಾಲು ಇರುವ ಜಾಗ.

ಮಳಿಗೆ_ಲೆಕ್ಕ

ದಂಡ ವಸೂಲಿ. ಎಸ್‌ಐ ಮತ್ತು ಅದಕ್ಕೆ ಮೇಲ್ಪಟ್ಟ ಪೊಲೀಸರಿಗೆ ಅಧಿಕಾರ ಇದೆ. ಕೆಲವು ಸ್ಥಳಗಳಲ್ಲಿ ಅಲ್ಲಲ್ಲಿನ ಮುಖ್ಯಸ್ಥರಿಗೂ ಇದೆ, ಶಾಲೆಯಲ್ಲಿ ಮುಖ್ಯೋಪಾಧ್ಯಾಯರು, ಆಸ್ಪತ್ರೆಯಲ್ಲಿ ಅಧೀಕ್ಷಕರು. ಪುರಸಭೆಯಲ್ಲಿ ಯಾವ ಪದನಾಮದವರು ಅಧಿಕೃತರು ಅನ್ನುವ ಅಧಿಸೂಚನೆಯ ಪ್ರತಿಯನ್ನು ಜಿಲ್ಲಾ ತಂಬಾಕು ನಿಯಂತ್ರಣ ಕೋಶದಿಂದ ತರಿಸಿ, ಚಲನ್ ಪುಸ್ತಕದ ಒಳರಟ್ಟಿಗೆ ಅಂಟಿಸಿಡಿ. 'ನೀನು ಯಾರು ಕೇಳೋಕೆ' ಅಂದವರಿಗೆ ತೋರಿಸಲು ಬೇಕಾಗುತ್ತೆ. ದಂಡದ ಹಣ ಯಾವ ಲೆಕ್ಕಶೀರ್ಷಿಕೆಗೆ ಜಮಾ ಅನ್ನುವುದು ಮೊದಲ ಚಲನ್ ಹರಿಯುವ ಮುಂಚೆಯೇ ತೀರ್ಮಾನ ಆಗಿರಬೇಕು. ಆಗದಿದ್ದರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬಂದು ಸಿಬ್ಬಂದಿ ಚಲನ್ ಬರೆಯುವುದನ್ನೇ ನಿಲ್ಲಿಸುತ್ತಾರೆ.

ಸ್ಥಳದ ಕಾಲಂನಲ್ಲಿ ಬರೀ 'ಸಾರ್ವಜನಿಕ ಸ್ಥಳ' ಅಂತ ಬರೆಯಬೇಡಿ. 'ಬಸ್ ನಿಲ್ದಾಣ, 3ನೇ ಪ್ಲಾಟ್‌ಫಾರಂ, ಟಿಕೆಟ್ ಕೌಂಟರ್ ಪಕ್ಕದ ಬೆಂಚು' ಅಂತ ಬರೆಯಿರಿ, ವೇಳೆ ಹಾಕಿ. ದಂಡ ಕಟ್ಟಲು ಒಪ್ಪದಿದ್ದರೆ ವಿಷಯ ಮ್ಯಾಜಿಸ್ಟ್ರೇಟರ ಮುಂದೆ ಹೋಗುತ್ತೆ, ಅಲ್ಲಿ ಉಳಿಯುವುದು ಇದೇ ಸಾಲು.

ಚಾದಂಗಡಿ_ಕಟ್ಟಿ

ಹಗ್ಗ ಇಳಸೂ ದಿನ ಒಂದು ನೆನಪಿರ್ಲ್ರಿ. ಕೆಂಡ ಒತ್ತಿ ಆರಿಸಿ ಕಸದ ಬುಟ್ಟಿಗೆ ಒಗದ್ರ ನಡಿಯೂದಿಲ್ಲ. ನಾರಿನ ಒಳಗ ಬೆಂಕಿ ಕುಂತಿರ್ತದ, ಮ್ಯಾಲ ಬೂದಿ ಕಾಣಸ್ತದ ಅಷ್ಟ. ತುದೀನ್ನ ಒಂದು ಗೇಣು ಕತ್ತರಿಸಿ, ನೀರಿನ ಬಕೆಟ್ನ್ಯಾಗ ಅರ್ಧ ತಾಸು ಮುಳಗಿಸಿ ಇಡ್ರಿ. ತಗದು ಹಿಂಡಿ, ನಡುಕ ಬಿಚ್ಚಿ ನೋಡ್ರಿ. ಒಳಗ ಪೂರಾ ತೊಯ್ದಿದ್ರ ಮಾತ್ರ ಕಸದ ಗಾಡಿಗೆ ಹಾಕ್ರಿ.